ನೀವು ಇರಾಕ್ ನೋಡಿದವರು: ಸಿರಿಯಾದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಅಹ್ಮದ್ ಅಲ್-ಶರಾ ಅವರಿಗೆ,

ನಮಸ್ಕಾರ.

ಈ ಪತ್ರ ಕನ್ನಡದಲ್ಲಿದೆ. ನಿಮ್ಮ ಕೈಗೆ ತಲುಪುತ್ತದೋ ಇಲ್ಲವೋ, ಅದು ಬೇರೆ ಮಾತು. ನಿಮಗೆ ಹೇಳಬೇಕಾದ್ದನ್ನು ನನ್ನ ಜನರ ಎದುರಿಗೇ ಹೇಳಬೇಕು ಅನ್ನಿಸಿತು. ಯಾಕೆಂದರೆ ಸಿರಿಯಾದ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಏಳುತ್ತದೆ: "ಅಲ್ಲಿಯವರಿಗೆ ಪ್ರಜಾಪ್ರಭುತ್ವ ಆಗಿಬರಲ್ಲ. ಗಟ್ಟಿ ಕೈಯ ಸರ್ವಾಧಿಕಾರಿ ಇದ್ದರೇನೇ ಸರಿ. ಸದ್ದಾಂ ಹೋದ ಮೇಲೆ ಇರಾಕ್ ಏನಾಯ್ತು, ನೋಡಿಲ್ವಾ?" ವಿದ್ಯಾವಂತರೇ ಹೀಗೆ ಹೇಳುತ್ತಾರೆ. ಈ ಮಾತು ತಪ್ಪು ಎಂದು ನಾನು ನಂಬಿದ್ದೇನೆ. ಅದು ತಪ್ಪು ಎಂದು ತೋರಿಸಿಕೊಡುವ ಅವಕಾಶ ಇವತ್ತು ಬೇರೆ ಯಾರಿಗಿಂತಲೂ ನಿಮಗೇ ಜಾಸ್ತಿ ಇದೆ.

2024ರ ನವೆಂಬರ್ 27ರಂದು ನಿಮ್ಮ ಪಡೆ ವಾಯವ್ಯ ಸಿರಿಯಾದ ಇದ್ಲಿಬ್‌ನಿಂದ ಹೊರಟಿತು. ಡಿಸೆಂಬರ್ 8ರ ಬೆಳಗಿನ ಹೊತ್ತಿಗೆ ದಮಾಸ್ಕಸ್ ಬಂಡುಕೋರರ ಕೈಯಲ್ಲಿತ್ತು. 1970ರಲ್ಲಿ ಹಾಫಿಜ್ ಅಸ್ಸಾದ್ ಶುರುಮಾಡಿದ ಆಳ್ವಿಕೆ, ಅವರ ಮಗ ಬಶಾರ್ ಮಾಸ್ಕೋಗೆ ಓಡುವುದರೊಂದಿಗೆ ಮುಗಿಯಿತು. ಸೈದ್ನಾಯಾ ಜೈಲಿನ ಬಾಗಿಲು ತೆರೆದಾಗ ಹೊರಬಂದವರಲ್ಲಿ ಕೆಲವರಿಗೆ ತಮ್ಮ ಹೆಸರನ್ನೂ ಹೇಳಲು ಆಗುತ್ತಿರಲಿಲ್ಲ. ಮಗನ ಫೋಟೋ ಹಿಡಿದುಕೊಂಡು ತಾಯಂದಿರು ಆ ಜೈಲಿನ ಕೋಣೆಯಿಂದ ಕೋಣೆಗೆ ಅಲೆದರು. ಬಹುಪಾಲು ತಾಯಂದಿರಿಗೆ ಮಗ ಸಿಗಲಿಲ್ಲ. ಆ ಆಳ್ವಿಕೆ ಹೋಗಬೇಕಿತ್ತು. ಹೋದದ್ದಕ್ಕೆ ನನಗೆ ಸಂತೋಷವಿದೆ. ಮುಂದಿನ ಮಾತುಗಳನ್ನೆಲ್ಲ ಆ ಸಂತೋಷದ ಮೇಲೆ ನಿಂತೇ ಬರೆಯುತ್ತಿದ್ದೇನೆ.

ನಿಮ್ಮ ಜೀವನದ ಒಂದು ಭಾಗವನ್ನು ನಿಮಗೇ ನೆನಪಿಸಬೇಕಾಗಿದೆ. 2003ರಲ್ಲಿ ಅಮೆರಿಕ ಇರಾಕ್ ಮೇಲೆ ದಾಳಿಗೆ ಸಜ್ಜಾದಾಗ ನೀವು ಇಪ್ಪತ್ತರ ಹುಡುಗ. ದಮಾಸ್ಕಸ್‌ನಿಂದ ಬಾಗ್ದಾದ್‌ಗೆ ಹೋದಿರಿ, ಬಂದೂಕು ಹಿಡಿದಿರಿ, ಅಲ್-ಕೈದಾದ ಇರಾಕ್ ಶಾಖೆ ಸೇರಿದಿರಿ. ಆಮೇಲೆ ಅಮೆರಿಕನ್ನರ ಜೈಲುಗಳಲ್ಲಿ ವರ್ಷಗಟ್ಟಲೆ ಇದ್ದಿರಿ. ಇದನ್ನು ಚುಚ್ಚಲು ಹೇಳುತ್ತಿಲ್ಲ. ಸರ್ವಾಧಿಕಾರಿ ಬಿದ್ದ ಮೇಲೆ ಒಂದು ದೇಶ ಹೇಗೆ ಹೋಳಾಗುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ಕಂಡ ಇನ್ನೊಬ್ಬ ಅಧ್ಯಕ್ಷರು ಇವತ್ತು ಇಲ್ಲ. ಅದಕ್ಕೇ ಇರಾಕ್ ಬಗ್ಗೆ ನಿಮ್ಮ ಜೊತೆ ಬಿಡಿಸಿ ಮಾತಾಡಬಹುದು ಅಂದುಕೊಂಡಿದ್ದೇನೆ.

ಸದ್ದಾಂ ಬಿದ್ದ ದಿನವೇ ಶಿಯಾ–ಸುನ್ನಿ ಯುದ್ಧ ಶುರುವಾಯಿತು ಎಂದು ದೂರದಲ್ಲಿರುವವರು ನೆನಪಿಟ್ಟುಕೊಂಡಿದ್ದಾರೆ. ಹಾಗಾಗಲಿಲ್ಲ. ಬಾಗ್ದಾದ್ ಬಿದ್ದದ್ದು 2003ರ ಏಪ್ರಿಲ್ 9ರಂದು. ದೇಶ ಪೂರ್ತಿ ಹೊತ್ತಿ ಉರಿದದ್ದು 2006ರ ಫೆಬ್ರವರಿ 22ರ ನಂತರ, ಶಿಯಾಗಳಿಗೆ ಪವಿತ್ರವಾದ ಸಮಾರಾದ ಅಲ್-ಅಸ್ಕರಿ ಮಸೀದಿಯ ಚಿನ್ನದ ಗುಮ್ಮಟ ಸ್ಫೋಟವಾದ ಮೇಲೆ. ನಡುವೆ ಹತ್ತಿರ ಹತ್ತಿರ ಮೂರು ವರ್ಷ ಇದೆ. ಆ ಅವಧಿಯಲ್ಲಿ ಶಿಯಾ ಜನರ ಮಾರುಕಟ್ಟೆ, ಮಸೀದಿ, ಮೆರವಣಿಗೆಗಳ ಮೇಲೆ ಬಾಂಬ್ ಬೀಳುತ್ತಲೇ ಇದ್ದವು. ಸೇಡಿಗೆ ಇಳಿಯಬೇಡಿ ಎಂದು ನಜಫ್‌ನಲ್ಲಿ ಕೂತ ಶಿಯಾಗಳ ಹಿರಿಯ ಧರ್ಮಗುರು ಅಯತೊಲ್ಲಾ ಸಿಸ್ತಾನಿ ಹೇಳುತ್ತಲೇ ಬಂದರು. ಬಹಳಷ್ಟು ಜನ ಕೇಳಿದರು ಕೂಡ. ಶಿಯಾಗಳನ್ನು ಕೆಣಕಿ ಸುನ್ನಿಗಳ ಮೇಲೆ ಬೀಳುವಂತೆ ಮಾಡಬೇಕು, ಆಗ ಸುನ್ನಿಗಳು ನಮ್ಮ ಹಿಂದೆ ಬರುತ್ತಾರೆ ಎಂಬ ಲೆಕ್ಕಾಚಾರ 2004ರಲ್ಲಿ ಸಿಕ್ಕಿದ, ಅಲ್-ಕೈದಾದ ಇರಾಕ್ ಶಾಖೆ ಕಟ್ಟಿದ ಜರ್ಕಾವಿಯ ಪತ್ರದಲ್ಲೇ ಇದೆ. ಹಳೆಯ ದ್ವೇಷ ತಾನಾಗೇ ಉಕ್ಕುವುದಾಗಿದ್ದರೆ ಅದನ್ನು ಇಷ್ಟು ಕಷ್ಟಪಟ್ಟು ಕೆಣಕುವ ಅಗತ್ಯ ಏನಿತ್ತು? ಆ ಬೆಂಕಿ ಹಚ್ಚಿದ್ದು ನೀವು ಸೇರಿದ್ದ ಸಂಘಟನೆಯೇ. ಇದನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆ ಆಗುವುದಿಲ್ಲ.

ಬೆಂಕಿ ಹಚ್ಚುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಅದು ಹತ್ತಿಕೊಳ್ಳುವಂತೆ ಮಾಡಿದ್ದು ಮಾತ್ರ ಬಾಗ್ದಾದ್‌ನಲ್ಲಿ ಅಧಿಕಾರದಲ್ಲಿದ್ದವರು. ಅಮೆರಿಕ ನೇಮಿಸಿದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಬಂದಿಳಿದ ಕೆಲವೇ ದಿನಗಳಲ್ಲಿ ಎರಡು ಆದೇಶ ಹೊರಡಿಸಿದರು. 2003ರ ಮೇ 16ರಂದು ಸದ್ದಾಂನ ಬಾತ್ ಪಕ್ಷದವರನ್ನು ಸರ್ಕಾರಿ ಕೆಲಸದಿಂದ ತೆಗೆದುಹಾಕುವ ಆದೇಶ. ಮೇ 23ರಂದು ಸೇನೆಯನ್ನೇ ವಿಸರ್ಜಿಸುವ ಆದೇಶ. ಕೆಲಸಕ್ಕಾಗಿ ಪಕ್ಷದ ಚೀಟಿ ಇಟ್ಟುಕೊಂಡಿದ್ದ ಶಾಲಾ ಮೇಷ್ಟ್ರುಗಳೂ ಮನೆಗೆ ಹೋದರು. ಲಕ್ಷಗಟ್ಟಲೆ ಸೈನಿಕರು ಬಂದೂಕಿನ ಸಮೇತ ಬೀದಿಗೆ ಬಿದ್ದರು. ಮುಂದೆ ಐಸಿಸ್‌ನ ಸೇನಾ ನಾಯಕರಾದವರಲ್ಲಿ ಸದ್ದಾಂನ ಅಧಿಕಾರಿಗಳಾಗಿದ್ದವರು ಎಷ್ಟೋ ಮಂದಿ. ಅದೇ 2003ರ ಜುಲೈನಲ್ಲಿ 25 ಜನರ ಆಡಳಿತ ಮಂಡಳಿ ಬಂತು: 13 ಶಿಯಾ, 5 ಸುನ್ನಿ ಅರಬರು, 5 ಕುರ್ದರು, ಒಬ್ಬ ತುರ್ಕಮನ್, ಒಬ್ಬ ಕ್ರೈಸ್ತ. ಎಣಿಸಿ ಹಂಚಿದ ಹಾಗೆ. ನ್ಯಾಯದ ಹಾಗೇ ಕಾಣುತ್ತದೆ. ಆದರೆ ಅಲ್ಲಿಂದ ಮುಂದೆ ಇರಾಕ್‌ನಲ್ಲಿ ಮಂತ್ರಿಗಿರಿಯಿಂದ ಜವಾನನ ಕೆಲಸದವರೆಗೆ ಎಲ್ಲವೂ ಪಂಗಡದ ಮೂಲಕವೇ ಬರತೊಡಗಿತು.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 2005ರ ನವೆಂಬರ್. ಬಾಗ್ದಾದ್‌ನ ಜಾದಿರಿಯಾದಲ್ಲಿ ಗೃಹ ಇಲಾಖೆಗೆ ಸೇರಿದ ಕಟ್ಟಡದ ಒಂದು ನೆಲಮಾಳಿಗೆ ಪತ್ತೆಯಾಯಿತು. ಒಳಗೆ 170ರಷ್ಟು ಕೈದಿಗಳು. ಹಸಿದವರು, ಮೈತುಂಬ ಹಿಂಸೆಯ ಗುರುತು ಇದ್ದವರು, ಬಹುತೇಕ ಎಲ್ಲರೂ ಸುನ್ನಿಗಳು. ಅವರನ್ನು ಅಲ್ಲಿಟ್ಟದ್ದು ಯಾವುದೋ ಗ್ಯಾಂಗ್ ಅಲ್ಲ. ಸರ್ಕಾರದ ಪೊಲೀಸರು. ಶಿಯಾ ಖಾಸಗಿ ಸೇನೆಗಳ ಹುಡುಗರಿಗೆ ಪೊಲೀಸ್ ಸಮವಸ್ತ್ರ ತೊಡಿಸಿದ್ದರ ಫಲ ಅದು. ಆ ಮೇಲೆ ಒಬ್ಬ ಸುನ್ನಿಯ ಮನೆ ಬಾಗಿಲನ್ನು ರಾತ್ರಿ ಪೊಲೀಸರು ತಟ್ಟಿದರೆ ಅವನು ಯಾರಿಗೆ ಫೋನ್ ಮಾಡಬೇಕು? ಪೊಲೀಸರಿಗಾ? ಅವನು ತನ್ನ ಬೀದಿಯ ಬಂದೂಕುಧಾರಿಗಳ ಹತ್ತಿರ ಹೋದ. ಅವರು ಅಲ್-ಕೈದಾದವರು ಎಂದು ಗೊತ್ತಿದ್ದೂ ಹೋದ. ಉಮರ್ ಎಂಬ ಸುನ್ನಿ ಹೆಸರು ಗುರುತಿನ ಚೀಟಿಯಲ್ಲಿದ್ದರೆ ಸಾಕು, ಚೆಕ್‌ಪೋಸ್ಟ್‌ನಲ್ಲಿ ಕೊಲ್ಲುತ್ತಿದ್ದ ದಿನಗಳು ಬಂದವು. ಪಂಗಡ ಯುದ್ಧ ಹುಟ್ಟುವುದು ಹೀಗೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ತನ್ನನ್ನು ಕಾಯಲು ಪಂಗಡ ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ಮನುಷ್ಯನಿಗೆ ಖಾತ್ರಿಯಾದಾಗ ಅವನು ಪಂಗಡದವನಾಗುತ್ತಾನೆ. ಅಲ್ಲಿಯವರೆಗೆ ಅವನು ಅಂಗಡಿಯವನು, ಅಪ್ಪ, ಫುಟ್ಬಾಲ್ ಹುಚ್ಚಿನವನು, ಏನು ಬೇಕಾದರೂ ಆಗಿರುತ್ತಾನೆ.

ಈಗ ನಿಮ್ಮ ದೇಶಕ್ಕೆ ಬರುತ್ತೇನೆ.

2025ರ ಮಾರ್ಚ್ 6ರಂದು ಕರಾವಳಿಯ ಜಬ್ಲೆ ಪಟ್ಟಣದ ಸುತ್ತಮುತ್ತ ಅಸ್ಸಾದ್ ಬೆಂಬಲಿಗರು ನಿಮ್ಮ ಭದ್ರತಾ ಪಡೆಯ ಮೇಲೆ ಹೊಂಚುಹಾಕಿ ದಾಳಿ ಮಾಡಿದರು. ನಿಮ್ಮ ಇನ್ನೂರಕ್ಕೂ ಹೆಚ್ಚು ಹುಡುಗರು ಸತ್ತರು. ಅದು ಘೋರ ಅಪರಾಧ. ಮುಂದಿನ ಮೂರು ದಿನ ಲತಾಕಿಯಾ, ತರ್ತೂಸ್, ಬನಿಯಾಸ್‌ಗಳಲ್ಲಿ ನಡೆದದ್ದು ಇನ್ನೊಂದು ಘೋರ ಅಪರಾಧ. ಬಂದೂಕು ಹಿಡಿದವರು ಮನೆ ಮನೆಗೆ ಹೋಗಿ "ನೀನು ಅಲವಿಯೋ ಸುನ್ನಿಯೋ?" ಎಂದು ಕೇಳಿದರು. ಅಲವಿ ಎಂದರೆ ಅಸ್ಸಾದ್ ಮನೆತನದ ಅಲ್ಪಸಂಖ್ಯಾತ ಪಂಗಡ. ಉತ್ತರ ನೋಡಿಕೊಂಡು ಕೊಂದರು. ಕೊಂದವರಲ್ಲಿ ನಿಮ್ಮ ಹೊಸ ಸೇನೆಗೆ ಸೇರಿಸಿಕೊಂಡ ಬಣಗಳ ಜನರಿದ್ದರು. ನೀವೇ ನೇಮಿಸಿದ ಸಮಿತಿ 1,426 ಸಾವುಗಳನ್ನು ಲೆಕ್ಕಹಾಕಿತು, 298 ಶಂಕಿತರನ್ನು ಗುರುತಿಸಿತು. ಅದೇ ಬನಿಯಾಸ್‌ನಲ್ಲಿ ಅಲವಿ ನೆರೆಯವರನ್ನು ತಮ್ಮ ಮನೆಯೊಳಗೆ ಕರೆದು ಬಚ್ಚಿಟ್ಟ ಸುನ್ನಿ ಕುಟುಂಬಗಳೂ ಇದ್ದವು. ಆ ಮೂರು ದಿನ ಸಿರಿಯಾದ ಮಾನ ಉಳಿಸಿದವರು ಅವರು.

ನಾನು ಗಲ್ಫ್‌ನಲ್ಲಿ ಕೆಲಸ ಮಾಡುವ ಕನ್ನಡಿಗ. ನಮ್ಮ ಆಫೀಸಿನಲ್ಲಿ ಇಬ್ಬರು ಸಿರಿಯನ್ನರಿದ್ದಾರೆ. ಒಬ್ಬರು ಹೋಮ್ಸ್‌ನ ಸುನ್ನಿ, ಇನ್ನೊಬ್ಬರು ತರ್ತೂಸ್ ಕಡೆಯ ಅಲವಿ. ಅಸ್ಸಾದ್ ಓಡಿಹೋದ ದಿನ ಇಬ್ಬರೂ ಸೇರಿಯೇ ಎಲ್ಲರಿಗೂ ಸಿಹಿ ಹಂಚಿದ್ದರು. ಮಾರ್ಚ್ ಆದ ಮೇಲೆ ತರ್ತೂಸ್‌ನವರು ಊಟಕ್ಕೆ ಬೇರೆ ಮೇಜಿಗೆ ಹೋಗತೊಡಗಿದರು. ಹೋಮ್ಸ್‌ನವರನ್ನು ಕೇಳಿದೆ. "ಅವನಿಗೆ ನಾನು ಏನಂತ ಹೇಳಲಿ? ನನ್ನ ತಮ್ಮ ಸೈದ್ನಾಯಾಗೆ ಹೋದವನು ವಾಪಸ್ ಬರಲಿಲ್ಲ. ಅವನ ಚಿಕ್ಕಪ್ಪನನ್ನು ಮನೆ ಬಾಗಿಲಲ್ಲೇ ಕೊಂದರು. ಎರಡಕ್ಕೂ ಯಾರೂ ಉತ್ತರ ಕೊಟ್ಟಿಲ್ಲ," ಅಂದರು. ಇಬ್ಬರೂ ಒಳ್ಳೆಯವರು. ಇಬ್ಬರ ಮಧ್ಯೆ ಯಾವ ಜಗಳವೂ ಇಲ್ಲ. ಉತ್ತರ ಇಲ್ಲದ ಎರಡು ಸಾವುಗಳಿವೆ, ಅಷ್ಟೇ.

ಆ ಉತ್ತರ ಕೊಡಬೇಕಾದವರು ನೀವು. 2025ರ ಮೇ ತಿಂಗಳಲ್ಲಿ ನೀವು ನ್ಯಾಯಕ್ಕಾಗಿ ಒಂದು ಆಯೋಗ, ಕಾಣೆಯಾದವರಿಗಾಗಿ ಇನ್ನೊಂದು ಆಯೋಗ ಮಾಡಿದಿರಿ. ಒಳ್ಳೆಯ ಕೆಲಸ. ಆದರೆ ನ್ಯಾಯದ ಆಯೋಗಕ್ಕೆ ಕೊಟ್ಟ ಕೆಲಸ ಹಳೆಯ ಆಡಳಿತದ ಅಪರಾಧಗಳನ್ನು ನೋಡುವುದಷ್ಟೇ. ಬಂಡುಕೋರ ಬಣಗಳು ಮಾಡಿದ್ದು, ಐಸಿಸ್ ಮಾಡಿದ್ದು, ಸಿರಿಯಾದಲ್ಲಿ ನೀವೇ ಕಟ್ಟಿದ್ದ ನುಸ್ರಾ ಸಂಘಟನೆ ಮಾಡಿದ್ದು ಅದರ ವ್ಯಾಪ್ತಿಗೆ ಬರುವುದಿಲ್ಲ. ಒಂದು ಕಡೆಯವರ ಸತ್ತವರಿಗೆ ಆಯೋಗ ಇದೆ, ಇನ್ನೊಂದು ಕಡೆಯವರ ಸತ್ತವರಿಗೆ ಇಲ್ಲ ಎಂದಾಗ ಜನ ಏನು ತಿಳಿದುಕೊಳ್ಳಬೇಕು? ಅಲವಿಗಳೆಲ್ಲ ಅಸ್ಸಾದ್ ಜನ ಎಂಬ ಮಾತೇ ಸುಳ್ಳು. ಅರ್ಥಶಾಸ್ತ್ರಜ್ಞ ಆರಿಫ್ ದಲೀಲಾ ಅಲವಿ ಕುಟುಂಬದವರು. 2001ರಲ್ಲಿ ದಮಾಸ್ಕಸ್‌ನಲ್ಲಿ ಸ್ವಾತಂತ್ರ್ಯದ ಮಾತಾಡಿದ್ದಕ್ಕೆ ವರ್ಷಗಟ್ಟಲೆ ಜೈಲಿನಲ್ಲಿದ್ದರು. ವೈದ್ಯ ಅಬ್ದುಲ್ ಅಜೀಜ್ ಅಲ್-ಖಯ್ಯಿರ್ ಕೂಡ ಅಲವಿ. ಅಪ್ಪನ ಕಾಲದಲ್ಲಿ ಜೈಲು ಕಂಡರು, ಮಗನ ಕಾಲದಲ್ಲಿ, 2012ರಲ್ಲಿ, ಕಣ್ಮರೆಯಾದರು. ಅಸ್ಸಾದ್ ಮನೆತನ ಅಲವಿ ಬಡವರ ಮಕ್ಕಳನ್ನು ಸೇನೆಗೂ ಗೂಢಚಾರ ಇಲಾಖೆಗೂ ತುಂಬಿ, "ನಾನು ಹೋದರೆ ಇವರು ನಿಮ್ಮನ್ನು ಬಿಡುವುದಿಲ್ಲ" ಎಂದು ಐವತ್ತು ವರ್ಷ ಹೆದರಿಸಿಕೊಂಡೇ ಬಂತು. ಮಾರ್ಚ್‌ನಲ್ಲಿ ನಡೆದದ್ದು ಆ ಬೆದರಿಕೆಯನ್ನೇ ನಿಜ ಮಾಡಿತು. ಇದು ನನಗೆ ತುಂಬಾ ನೋವಿನ ವಿಷಯ.

ಸರ್ವಾಧಿಕಾರಿ ಇದ್ದರೇ ಸರಿ ಅನ್ನುವ ನಮ್ಮವರು ಇಲ್ಲಿ ಸ್ವಲ್ಪ ನಿಂತು ಓದಬೇಕು. 1982ರ ಫೆಬ್ರವರಿಯಲ್ಲಿ ಹಮಾ ಪಟ್ಟಣದಲ್ಲಿ ಹಾಫಿಜ್ ಅಸ್ಸಾದ್ ಸೇನೆ ಸಾವಿರಾರು ಜನರನ್ನು ಕೊಂದಿತು. 2011ರ ಆರಂಭದಲ್ಲಿ ದರಾದ ಶಾಲಾ ಹುಡುಗರು ಗೋಡೆ ಮೇಲೆ ಬರೆದದ್ದಕ್ಕೆ ಅವರನ್ನು ಹಿಡಿದು ಹಿಂಸಿಸಿದರು. ಆಗ ಬೀದಿಗೆ ಬಂದ ಜನ ಕೂಗಿದ್ದು "ಒಂದು, ಒಂದು, ಒಂದು, ಸಿರಿಯಾದ ಜನ ಒಂದು" ಎಂದು. ಬಶಾರ್ ಸರ್ಕಾರ ಅದೇ ವರ್ಷ ಸೈದ್ನಾಯಾದಲ್ಲಿದ್ದ ಜಿಹಾದಿಗಳನ್ನು ಕ್ಷಮಾದಾನದ ಹೆಸರಲ್ಲಿ ಬಿಟ್ಟಿತು, ಅಹಿಂಸೆಯ ಮಾತಾಡುತ್ತಿದ್ದ ಹುಡುಗರನ್ನು ಒಳಗೆ ಹಾಕಿತು. ಐದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಊರಿಗೆ ಊರೇ ಪಂಗಡವಾರು ಖಾಲಿಯಾಯಿತು. ಸರ್ವಾಧಿಕಾರಿ ಪಂಗಡಗಳನ್ನು ಶಾಂತವಾಗಿ ಇಟ್ಟಿದ್ದ ಅನ್ನುವುದು ಇದನ್ನೇ ಏನು?

ಮತ್ತೆ ನಿಮಗೆ. 2025ರ ಮಾರ್ಚ್ ಒಂದೇ ಆಗಿದ್ದರೆ ಹಳೆಯ ಗಾಯ ಒಡೆಯಿತು ಅನ್ನಬಹುದಿತ್ತು. ಏಪ್ರಿಲ್ ಕೊನೆಯಲ್ಲಿ ಪ್ರವಾದಿಯವರನ್ನು ಬೈದಂತಿದ್ದ ಒಂದು ಸುಳ್ಳು ಆಡಿಯೋ ಹರಿದಾಡಿತು. ಸಿರಿಯಾದ ಇನ್ನೊಂದು ಅಲ್ಪಸಂಖ್ಯಾತ ಪಂಗಡವಾದ ದ್ರೂಜ್‌ಗಳ ಒಬ್ಬ ಧರ್ಮಗುರುವಿನ ದನಿ ಎಂದು ಹಬ್ಬಿಸಿದರು. ಅವರು ನನ್ನದಲ್ಲ ಅಂದರು. ಯಾರೂ ಕಾಯಲಿಲ್ಲ. ದಮಾಸ್ಕಸ್ ಪಕ್ಕದ ಜರಮಾನಾ, ಸಹ್ನಾಯಾಗಳಲ್ಲಿ ಹೆಣ ಬಿದ್ದವು. ಫೋನಿನಲ್ಲಿ ಬಂದ ಒಂದು ಕ್ಲಿಪ್ ಒಂದು ಊರನ್ನು ಏನು ಮಾಡಬಲ್ಲದು ಎಂಬುದು ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿದ ನನಗೆ ವಿವರಿಸಿ ಹೇಳಬೇಕಾಗಿಲ್ಲ. ಜೂನ್ 22ರಂದು ದಮಾಸ್ಕಸ್‌ನ ಮಾರ್ ಇಲಿಯಾಸ್ ಚರ್ಚ್‌ನಲ್ಲಿ ಪ್ರಾರ್ಥನೆಯ ಹೊತ್ತಿಗೆ ಆತ್ಮಹತ್ಯಾ ಬಾಂಬ್, 25 ಸಾವು. ಜುಲೈ 13ರಿಂದ, ದ್ರೂಜ್‌ಗಳೇ ಹೆಚ್ಚಿರುವ ದಕ್ಷಿಣದ ಸುವೈದಾ. ಅಲ್ಲಿ ದ್ರೂಜ್‌ಗಳಿಗೂ ಬೆದೂಯಿನ್ ಎಂಬ ಸುನ್ನಿ ಅರಬ್ ಬುಡಕಟ್ಟಿನವರಿಗೂ ನಡೆದ ಜಗಳ ನಿಲ್ಲಿಸಲು ಎಂದು ಹೋದ ನಿಮ್ಮ ಪಡೆಗಳು ತಾವೇ ಒಂದು ಕಡೆಯಾದವು. ದ್ರೂಜ್ ಹಿರಿಯರ ಮೀಸೆ ಬೋಳಿಸಿ ವಿಡಿಯೋ ಮಾಡಿದರು. ಆಸ್ಪತ್ರೆಯೊಳಗೂ ಜನರನ್ನು ಕೊಂದರು. ಬೆದೂಯಿನ್ ಕುಟುಂಬಗಳೂ ಮನೆ ಕಳೆದುಕೊಂಡವು, ಅದನ್ನು ಮಾಡಿದ್ದು ದ್ರೂಜ್ ಬಣಗಳು. ಇಸ್ರೇಲ್ ಇದೇ ಸಮಯ ನೋಡಿ ದಮಾಸ್ಕಸ್‌ನ ರಕ್ಷಣಾ ಇಲಾಖೆ ಕಟ್ಟಡದ ಮೇಲೆ ಬಾಂಬ್ ಹಾಕಿತು. ಸಾವಿರಕ್ಕೂ ಹೆಚ್ಚು ಜನ ಹೋದರು. 1925ರಲ್ಲಿ ಫ್ರೆಂಚರ ವಿರುದ್ಧ ಇಡೀ ಸಿರಿಯಾವನ್ನು ಎಬ್ಬಿಸಿದ ಸುಲ್ತಾನ್ ಪಾಶಾ ಅಲ್-ಅತ್ರಶ್ ಇದೇ ಸುವೈದಾದ ದ್ರೂಜ್ ನಾಯಕರು. "ಧರ್ಮ ದೇವರಿಗೆ, ದೇಶ ಎಲ್ಲರಿಗೆ" ಎಂಬ ಘೋಷಣೆಯನ್ನು ಸಿರಿಯನ್ನರು ಅವರ ಹೆಸರಿನ ಜೊತೆಗೇ ನೆನೆಯುತ್ತಾರೆ. ಅವರ ಊರಿನಲ್ಲಿ ಜನ ಇವತ್ತು ಇಸ್ರೇಲ್ ಬಾವುಟ ಹಿಡಿದರೆ ಅವರನ್ನು ದ್ರೋಹಿಗಳು ಅನ್ನುವುದು ಸುಲಭ. ಅಲ್ಲಿಯವರೆಗೆ ಅವರನ್ನು ತಳ್ಳಿದ್ದು ಏನು ಎಂದು ಕೇಳಿಕೊಳ್ಳುವುದು ಕಷ್ಟ. ನೀವು ಆ ಕಷ್ಟದ ಕೆಲಸ ಮಾಡಬೇಕು.

ಪ್ರಜಾಪ್ರಭುತ್ವದ ಮಾತಿಗೆ ಬಂದರೆ, ನಾಳೆಯೇ ಚುನಾವಣೆ ಮಾಡಿ ಎಂದು ನಾನು ಹೇಳುವುದಿಲ್ಲ. ಇರಾಕ್‌ನಲ್ಲಿ 2005ರ ಜನವರಿಯಲ್ಲಿ ಅವಸರದ ಚುನಾವಣೆ ನಡೆಯಿತು, ಸುನ್ನಿಗಳು ಬಹಿಷ್ಕರಿಸಿದರು, ಅನ್ಬಾರ್ ಪ್ರಾಂತ್ಯದಲ್ಲಿ 100ಕ್ಕೆ 2 ಜನ ಮಾತ್ರ ಮತ ಹಾಕಿದರು. ಸುನ್ನಿಗಳು ಬಹುತೇಕ ಹೊರಗಿದ್ದಾಗ ಸಂವಿಧಾನ ಬರೆದರು. ಅದೇ ಇರಾಕಿಗಳು 2010ರಲ್ಲಿ ಏನು ಮಾಡಿದರು ನೋಡಿ. ಶಿಯಾ ಆದ ಇಯಾದ್ ಅಲ್ಲಾವಿ ಅವರ ಪಂಗಡ ಮೀರಿದ ಪಟ್ಟಿಗೆ ಸುನ್ನಿಗಳು ಸಾಲುಗಟ್ಟಿ ಮತ ಹಾಕಿದರು. ಆ ಪಟ್ಟಿಗೆ 91 ಸ್ಥಾನ ಬಂದವು, ಪ್ರಧಾನಿ ಮಾಲಿಕಿಗೆ 89. ಆದರೂ ಕುರ್ಚಿ ಮಾಲಿಕಿಗೇ ಉಳಿಯಿತು. ನಾಲ್ಕು ವರ್ಷದಲ್ಲಿ ಮೊಸುಲ್ ಐಸಿಸ್ ಪಾಲಾಯಿತು. ಜನ ಪಂಗಡ ದಾಟಿ ಬಂದಿದ್ದರು. ಮೇಲೆ ಕೂತವರು ಅವರನ್ನು ವಾಪಸ್ ಕಳಿಸಿದರು.

ನಿಮ್ಮ ತಾತ್ಕಾಲಿಕ ಸಂವಿಧಾನ ಬರೆಯಲು 7 ಜನರ ಸಮಿತಿ ನೇಮಕವಾದದ್ದು 2025ರ ಮಾರ್ಚ್ 2ರಂದು. ನೀವು ಸಹಿ ಹಾಕಿದ್ದು ಮಾರ್ಚ್ 13ರಂದು. ಕರಾವಳಿಯಲ್ಲಿ ಹೆಣ ಹೂಳುತ್ತಿದ್ದ ವಾರ ಅದು. ಐದು ವರ್ಷದ ಅಧಿಕಾರ, ಸಂವಿಧಾನ ನ್ಯಾಯಾಲಯದ ಎಲ್ಲ ನ್ಯಾಯಾಧೀಶರ ನೇಮಕ, ಸಂಸತ್ತಿನ ಮೂರನೇ ಒಂದು ಭಾಗದ ನೇಮಕ, ಎಲ್ಲವೂ ಅಧ್ಯಕ್ಷರ ಕೈಯಲ್ಲಿ. ಅಕ್ಟೋಬರ್ 5ರಂದು ನಡೆದ ಸಂಸತ್ತಿನ ಆಯ್ಕೆಯಲ್ಲಿ ಮತ ಹಾಕಿದವರು ಸಮಿತಿಗಳು ಆರಿಸಿದ ಸುಮಾರು 6,000 ಜನ. ಗೆದ್ದ ಮಹಿಳೆಯರು 6. ಸುವೈದಾದಲ್ಲಿ ಮತದಾನವೇ ಇಲ್ಲ.

ನೇರ ಚುನಾವಣೆ ಸದ್ಯಕ್ಕೆ ಆಗದು, ಜನ ಊರು ಬಿಟ್ಟಿದ್ದಾರೆ, ಕಾಗದಪತ್ರ ಇಲ್ಲ ಎಂದು ನಿಮ್ಮವರು ಹೇಳುತ್ತಾರೆ. ಅದರಲ್ಲಿ ನಿಜವಿದೆ. ನಮ್ಮ ದೇಶದ ಸಂವಿಧಾನ ಸಭೆಯನ್ನೂ ಜನ ನೇರವಾಗಿ ಆರಿಸಿರಲಿಲ್ಲ. 1946ರಲ್ಲಿ ಪ್ರಾಂತ್ಯಗಳ ಶಾಸಕರು ಆರಿಸಿದ್ದರು. ಅದು ಸೇರಿ ಕೆಲಸ ಮಾಡಿದ್ದು ದೇಶ ಎರಡಾಗಿ, ಲಕ್ಷಾಂತರ ಜನ ಸತ್ತ ದಿನಗಳಲ್ಲಿ. ಆದರೆ ಆಗಿನ ನಾಯಕರು ಕಾಂಗ್ರೆಸ್ಸನ್ನು ಕಟುವಾಗಿ ಟೀಕಿಸುತ್ತ ಬಂದಿದ್ದ ಅಂಬೇಡ್ಕರ್ ಅವರನ್ನೇ ಕರಡು ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದರು. ಮೂರು ವರ್ಷದ ಹತ್ತಿರ ಚರ್ಚೆ ನಡೆಯಿತು, ಪತ್ರಕರ್ತರ ಎದುರು, ಸಾವಿರಾರು ತಿದ್ದುಪಡಿಗಳ ಮೇಲೆ. ಕೊನೆಯಲ್ಲಿ ಓದು ಬಾರದ ಕೂಲಿಯವನಿಗೂ ಒಂದು ಮತ ಸಿಕ್ಕಿತು. ನಮ್ಮ ಪ್ರಜಾಪ್ರಭುತ್ವದ ಕೊರತೆಗಳು ನನಗೆ ಗೊತ್ತು. ಆದರೂ ಟೀಕಿಸುವವರನ್ನು ಒಳಗೆ ಕರೆದು ಪೆನ್ನು ಕೊಟ್ಟ ಆ ನಿರ್ಧಾರ ನಮ್ಮನ್ನು ಕಾಪಾಡಿತು ಎಂದೇ ನಾನು ನಂಬುತ್ತೇನೆ. ನಿಮ್ಮ ದೇಶಕ್ಕೂ ಇದು ಹೊಸದೇನಲ್ಲ. ಕ್ರೈಸ್ತರಾದ ಫಾರಿಸ್ ಅಲ್-ಖೂರಿ ಸಿರಿಯಾದ ಪ್ರಧಾನಿಯಾಗಿದ್ದರು. 1954ರಲ್ಲಿ ಸಿರಿಯಾ ಮುಕ್ತ ಚುನಾವಣೆ ನಡೆಸಿತ್ತು.

ಇಂಡೋನೇಷ್ಯಾದಲ್ಲೂ 1998ರಲ್ಲಿ ಸುಹಾರ್ತೋ ಇಳಿದ ಮೇಲೆ ಅಂಬೋನ್‌ನಲ್ಲಿ ಮುಸ್ಲಿಮರೂ ಕ್ರೈಸ್ತರೂ ಕೊಂದುಕೊಂಡರು. 2002ರಲ್ಲಿ ಎರಡೂ ಕಡೆಯವರ ನಡುವೆ ಮಾಲಿನೋ ಶಾಂತಿ ಒಪ್ಪಂದ ಆಯಿತು. ಅಷ್ಟರಲ್ಲಿ 1999ರ ಚುನಾವಣೆ ನಡೆದು ಸರ್ಕಾರ ಬದಲಾಗಿತ್ತು, 2004ರ ಹೊತ್ತಿಗೆ ಸಂಸತ್ತಿನಲ್ಲಿ ಸೇನೆಗಿದ್ದ ಸ್ಥಾನಗಳು ಹೋದವು. ರಕ್ತ ಹರಿದ ದೇಶವೂ ಪ್ರಜಾಪ್ರಭುತ್ವವಾಗಿ ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಮುಸ್ಲಿಂ ದೇಶದ ಉದಾಹರಣೆ ಬೇಕಿಲ್ಲ.

2025ರ ನವೆಂಬರ್‌ನಲ್ಲಿ ಅಲೆಪ್ಪೊದಲ್ಲಿ ಕರಾವಳಿ ಹತ್ಯೆಗಳ ವಿಚಾರಣೆ ಬಹಿರಂಗವಾಗಿ ಶುರುವಾಯಿತು. ಮೊದಲ ದಿನ ಕಟಕಟೆಯಲ್ಲಿ 14 ಜನ ನಿಂತಿದ್ದರು. ಅರ್ಧ ಅಸ್ಸಾದ್ ಕಡೆಯವರು, ಅರ್ಧ ನಿಮ್ಮ ಪಡೆಯವರು. ತನ್ನ ಸ್ವಂತ ಸೈನಿಕರನ್ನು ಜನರ ಎದುರು ಕಟಕಟೆಗೆ ಹತ್ತಿಸುವುದು ಅಸ್ಸಾದ್ ಕಾಲದ ಸಿರಿಯಾದಲ್ಲಿ ಯಾರೂ ಕನಸಿನಲ್ಲೂ ಕಾಣದ ವಿಷಯ. ಇದನ್ನು ಮನಸಾರೆ ಮೆಚ್ಚುತ್ತೇನೆ. ಇಲ್ಲಿಗೆ ನಿಲ್ಲಿಸಬೇಡಿ. 298 ಹೆಸರುಗಳಿವೆ. ಬಂದೂಕು ಹಿಡಿದ ಹುಡುಗರ ಜೊತೆ ಅವರನ್ನು ಕಳಿಸಿದ ಕಮಾಂಡರ್‌ಗಳೂ ನ್ಯಾಯಾಲಯಕ್ಕೆ ಬರಲಿ. ಸುವೈದಾಗೂ ಇಂಥದೇ ವಿಚಾರಣೆ ಆಗಲಿ, ಅದರಲ್ಲಿ ದ್ರೂಜ್ ನ್ಯಾಯಾಧೀಶರೂ ಇರಲಿ. ನ್ಯಾಯದ ಆಯೋಗಕ್ಕೆ ಎಲ್ಲ ಕಡೆಯ ಅಪರಾಧಗಳನ್ನೂ, ನಿಮ್ಮ ಹಳೆಯ ಸಂಘಟನೆಯದ್ದನ್ನೂ, ವಿಚಾರಿಸುವ ಅಧಿಕಾರ ಕೊಡಿ. ತರ್ತೂಸ್‌ನ ಠಾಣೆಯಲ್ಲಿ ತರ್ತೂಸ್‌ನ ಅಲವಿ ಪೊಲೀಸರೂ ಇರಲಿ. ಕೆಲಸ ಕಳೆದುಕೊಂಡ ಹಳೆಯ ಗುಮಾಸ್ತರು, ಶಿಕ್ಷಕಿಯರು, ಯಾವ ಅಪರಾಧವನ್ನೂ ಮಾಡದವರು, ಅವರನ್ನು ವಾಪಸ್ ಕರೆಯಿರಿ. ಪಕ್ಷಗಳಿಗೆ ಅನುಮತಿ ಕೊಡುವ ಕಾನೂನು ತನ್ನಿ. ನೇರ ಚುನಾವಣೆಯ ದಿನಾಂಕವನ್ನು ಈಗಲೇ ಪ್ರಕಟಿಸಿ. ಆ ಚುನಾವಣೆಯಲ್ಲಿ ನೀವು ಸೋತರೆ ಮನೆಗೆ ಹೋಗುತ್ತೀರಿ ಎಂದು ದಮಾಸ್ಕಸ್‌ನ ಜನರ ಎದುರು, ಅವರ ಭಾಷೆಯಲ್ಲಿ, ಒಮ್ಮೆ ಹೇಳಿಬಿಡಿ.

ಗೌರವದಿಂದ,
ಗಲ್ಫ್‌ನಲ್ಲಿರುವ ಒಬ್ಬ ಕನ್ನಡಿಗ